ಕಾಗೆಕೋಟೆಯ ಬಾಗಿಲು ತೆರೆದವನು

“ಆ ಕುರ್ಚಿಯಿಂದ ಏಳಿ ಮೇಷ್ಟ್ರೇ. ಅದು ನನ್ನ ತಂಗಿ ಕೂರೋ ಜಾಗ.”

ಮೇಷ್ಟ್ರು ಏಳಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಕೂರ್ತಿದ್ದ ಜಾಗ,” ಎಂದರು.

ತಿದ್ದುವುದೇ ಅವರ ಉದ್ಯೋಗ. ಅನುವಾದಕಿ ಬರೆದುದನ್ನು ಜಪಾನಿ ಮೂಲದೊಡನೆ ಹೋಲಿಸಿ ಸರಿಪಡಿಸುವ ಸಂಪಾದಕರು ಅವರು. ಆದರೆ ಈ ಒಂದು ತಿದ್ದುಪಡಿ, ಮೂಗುತುದಿಯ ಮೂಗಿನ ತುದಿಯಲ್ಲಿದ್ದ ಸಿಟ್ಟನ್ನು ನೇರವಾಗಿ ನೆತ್ತಿಗೇರಿಸಿತು.

ಪೊಲೀಸ್ ಇಲಾಖೆಯಲ್ಲಿದ್ದಾಗ ಸಹೋದ್ಯೋಗಿಗಳು ಬೆನ್ನ ಹಿಂದೆ ಇಟ್ಟ ‘ಮೂಗುತುದಿ’ ಎಂಬ ಆ ಅಡ್ಡಹೆಸರು, ಅವಳು ಇಲಾಖೆ ಬಿಟ್ಟು ಖಾಸಗಿ ಪತ್ತೇದಾರಳಾದ ಮೇಲೂ ಬೆನ್ನು ಬಿಟ್ಟಿರಲಿಲ್ಲ. ಇಂದು ಅವಳ ಸಿಟ್ಟಿಗೆ ಕಾರಣವೂ ಇತ್ತು. ‘ಕಾಗೆಕೋಟೆ’ ಎಂಬ ವಿಡಿಯೊ ಆಟದ ಕೊನೆಯ ಅಧ್ಯಾಯದ ಚಿತ್ರವೊಂದು ಬಿಡುಗಡೆಗೆ ಮುನ್ನವೇ ಅಂತರ್ಜಾಲಕ್ಕೆ ಸೋರಿತ್ತು. ಸೋರಿಸಿದವಳು ಅನುವಾದಕಿಯೇ ಎಂದು ಕಚೇರಿಯ ಯಜಮಾನರು ಎಲ್ಲರೆದುರು ಜರೆದು ಅವಳನ್ನು ಹೊರಗೆ ಹಾಕಿದ್ದರು. ಆ ಅನುವಾದಕಿ ಮೂಗುತುದಿಯ ಒಡಹುಟ್ಟಿದ ತಂಗಿ.

ಇಂದು ಮಧ್ಯಾಹ್ನ, ಆಟದ ಒಡೆತನವುಳ್ಳ ಜಪಾನಿ ಕಂಪನಿಯ ಹಿರಿಯರು ಪರದೆಯ ಮೇಲೆ ಕಾಣಿಸಿಕೊಳ್ಳುವವರಿದ್ದರು. ಅವರಿಗೆ ಕಳ್ಳರ ಹೆಸರು ಬೇಕಿತ್ತು. ತಂಗಿಯ ಹೆಸರು ಒಮ್ಮೆ ಅವರ ಕಿವಿಗೆ ಬಿದ್ದರೆ ಅವಳ ಕಥೆ ಮುಗಿದಂತೆ. ಆ ಲೋಕ ಅಂಗೈಯಷ್ಟು ಚಿಕ್ಕದು. ಯಾವ ಜಪಾನಿ ಕಂಪನಿಯೂ ಮತ್ತೆಂದೂ ಅವಳ ಕೈಗೆ ಒಂದು ಸಾಲನ್ನೂ ಕೊಡುವುದಿಲ್ಲ. ಆ ಭಾಷೆಗಾಗಿ ಅವಳು ತನ್ನ ಹರೆಯವನ್ನೆಲ್ಲ ಗಂಧದ ಕೊರಡಿನಂತೆ ತೇದಿದ್ದಳು.

ಈಗ ಅವಳು ಹೊರಗೆ, ಅತಿಥಿಗಳು ಕಾಯುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಳು. ಬರುವುದಿಲ್ಲ ಎಂದವಳನ್ನು ಮೂಗುತುದಿಯೇ ಎಳೆದುಕೊಂಡು ಬಂದಿದ್ದಳು.

“ಸರಿ, ಕೂತಿರಿ,” ಎಂದಳು ಮೂಗುತುದಿ. “ಸ್ವಲ್ಪ ಹೊತ್ತಾದ ಮೇಲೆ ನಿಮಗೇ ಮುಳ್ಳು ಚುಚ್ಚೋಕೆ ಶುರುವಾಗುತ್ತೆ. ಒತ್ತಕ್ಷರ, ಆ ಸೋರಿದ ಚಿತ್ರ ಹಾಕಿ.”

ಒತ್ತಕ್ಷರ ಎಂಬುದು ಕಚೇರಿಯ ಪ್ರೋಗ್ರಾಮರನ ಅಡ್ಡಹೆಸರು. ಬೋಳುತಲೆಯ ಸಾಧು ಮನುಷ್ಯ. ಅವನ ಮೇಜಿನ ಮೇಲೆ ಹಳೆಯ ಗೇಮ್ ಯಂತ್ರವೊಂದು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ತಂತಿಗಳು ಪಕ್ಕದ ಕಂಪ್ಯೂಟರಿನವರೆಗೂ ಹಬ್ಬಿದ್ದವು. ಆ ಯಂತ್ರದೊಳಗಿನ ಯುದ್ಧವನ್ನು ಈ ಕಂಪ್ಯೂಟರಿಗೆ ದಾಟಿಸುವುದೇ ಕಚೇರಿಯ ಕೆಲಸ. ಚದುರಂಗದಂತೆ ಚೌಕ ಚೌಕವಾದ ರಣರಂಗ. ನಾವು ಒಂದು ಸರದಿ ನಡೆಸಿದರೆ ಶತ್ರು ಒಂದು ಸರದಿ ನಡೆಸುತ್ತಾನೆ. ಸತ್ತ ಸೈನಿಕ ಮತ್ತೆ ಎದ್ದುಬರುವುದಿಲ್ಲ. ಒತ್ತುವ ಗುಂಡಿಗಳಿದ್ದ ಜಾಗಕ್ಕೆ ಮೌಸ್ ಬರಬೇಕು. ಜಪಾನಿ ಇದ್ದ ಜಾಗಕ್ಕೆ ಕನ್ನಡ ಬರಬೇಕು.

ಕಷ್ಟವಿದ್ದದ್ದು ಎರಡನೆಯದರಲ್ಲಿ.

“ನೋಡಿ ಮೇಡಂ,” ಎಂದ ಒತ್ತಕ್ಷರ, ಪರದೆಯ ಮೇಲೆ ಬೆರಳಿಟ್ಟು. “ಜಪಾನಿ ಅಕ್ಷರ ಅಂದ್ರೆ ಡಬ್ಬೀಲಿಟ್ಟ ಸೋಪಿದ್ದ ಹಾಗೆ, ಅಚ್ಚುಕಟ್ಟು ಚೌಕ. ನಮ್ಮದು ಕಾಲು ಇಳಿಬಿಟ್ಕೊಂಡು ಕೂರೋ ಪೈಕಿ. ಒತ್ತಕ್ಷರ ಎಲ್ಲಾ ಮಾತಿನ ಡಬ್ಬಿ ಅಂಚಿಗೆ ಬಂದು ಕತ್ತರಿಸಿ ಹೋಗ್ತಿದ್ವು. ‘ಕತ್ತಿ’ ಅಂದ್ರೆ ‘ಕತಿ’. ‘ಅಣ್ಣ’ ಅಂದ್ರೆ ‘ಅಣ’. ಅದನ್ನ ಸರಿ ಮಾಡೋಷ್ಟರಲ್ಲಿ ನನ್ನ ತಲೆಕೂದಲೆಲ್ಲ ಉದುರಿಹೋಯ್ತು.”

“ಕೂದಲು ಅದಕ್ಕೂ ಮುಂಚೇನೇ ಉದುರಿತ್ತು,” ಎಂದು ಮೇಷ್ಟ್ರು ತಿದ್ದಿದರು.

“ಸೋರಿದ ಚಿತ್ರದಲ್ಲಿ ಒತ್ತಕ್ಷರ ಕತ್ತರಿಸಿದೆಯಾ?” ಮೂಗುತುದಿ ಕೇಳಿದಳು.

“ಇಲ್ಲ. ಕಾಲು ಬೆರಳು ಸಮೇತ ಇದೆ.”

“ಅಂದ್ರೆ ನೀವು ಸರಿಮಾಡಿದ ಮೇಲಿನ ಪ್ರತಿಯಿಂದಲೇ ತೆಗೆದದ್ದು. ಆ ಪ್ರತಿ ಯಾರ ಹತ್ರ ಇತ್ತು?”

“ನನ್ನ ಹತ್ರ, ಯಜಮಾನರ ಹತ್ರ, ಮೇಷ್ಟ್ರ ಹತ್ರ...” ಒತ್ತಕ್ಷರ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ. “ನಿಮ್ಮ ತಂಗಿ ಹತ್ರ.”

“ಮೆಲ್ಲಗೆ ಯಾಕೆ ಹೇಳ್ತೀರಿ? ಅವಳನ್ನ ಕಳ್ಳಿ ಅಂದಾಗ ಇಡೀ ಕಚೇರಿಗೆ ಕೇಳಿಸೋ ಹಾಗೆ ಅಂದಿದ್ರಲ್ಲ.”

ಹಾಗೆ ಅಂದವನು ಒತ್ತಕ್ಷರನಲ್ಲ, ಆದರೆ ಅವಳ ಸಿಟ್ಟು ಆ ಹೊತ್ತಿನಲ್ಲಿ ವಿಳಾಸ ನೋಡಿ ಹೋಗುವ ಸ್ಥಿತಿಯಲ್ಲಿರಲಿಲ್ಲ.

ಪರದೆಯ ಮೇಲೆ ಸೋರಿದ ಚಿತ್ರ ಮೂಡಿತು. ಸುಟ್ಟು ಕರಕಲಾದ ಕೋಟೆಯ ಬಾಗಿಲು. ಅದರ ಮುಂದೆ ಮಂಡಿಯೂರಿದ ರಾಜಕುಮಾರಿ. ಕೆಳಗೆ ಅವಳ ಮಾತು.

“ಓದಿ ಮೇಷ್ಟ್ರೇ.”

“ನಿಮಗೆ ಓದೋಕೆ ಬರಲ್ವಾ?”

“ಬರುತ್ತೆ. ನಿಮ್ಮ ಬಾಯಲ್ಲಿ ಕೇಳೋ ಆಸೆ.”

ಮೇಷ್ಟ್ರು ನಿಟ್ಟುಸಿರಿಟ್ಟು ಓದಿದರು. “‘ಬಾಗಿಲು ತೆರೆದವನು ನನ್ನ ತಮ್ಮ.’”

“ಈಗ ಕಚೇರಿಯ ಪ್ರತೀಲಿ ಅದೇ ಜಾಗ ತೋರಿಸಿ, ಒತ್ತಕ್ಷರ.”

ಅದೇ ಬಾಗಿಲು, ಅದೇ ರಾಜಕುಮಾರಿ. ಕೆಳಗೆ ಮಾತ್ರ ಒಂದು ಪದ ಬೇರೆ: ‘ಬಾಗಿಲು ತೆರೆದವನು ನನ್ನ ಅಣ್ಣ.’

ರಾಜಕುಮಾರಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಆಟದುದ್ದಕ್ಕೂ ಇಬ್ಬರೂ ಅವಳ ಎಡಬಲದಲ್ಲಿ ನಿಂತು ಕೋಟೆ ಕಾಯುತ್ತಾರೆ. ಅವರಲ್ಲಿ ಒಬ್ಬ ಶತ್ರುವಿಗೆ ಬಾಗಿಲು ತೆರೆದ. ಯಾರು ಎಂಬ ಒಂದೇ ಪ್ರಶ್ನೆಯ ಮೇಲೆ ಇಡೀ ಕಾಗೆಕೋಟೆ ನಿಂತಿದೆ. ತಂಗಿಯ ಅನುವಾದದಲ್ಲಿ ಅವನು ಅಣ್ಣ. ಸೋರಿದ ಚಿತ್ರದಲ್ಲಿ ಅವನು ತಮ್ಮ.

“ಕದ್ದವರು ಬರೇ ಕದ್ದಿಲ್ಲ,” ಎಂದಳು ಮೂಗುತುದಿ. “ತಿದ್ದಿದಾರೆ.”

ಕೊನೆಯ ಪದವನ್ನು ಅವಳು ಮೇಷ್ಟ್ರ ಮುಖದ ಮೇಲೆ ನಿಧಾನವಾಗಿ ಇಟ್ಟಳು.

“ನನ್ನ ತಂಗಿ ತಾನೇ ಸೋರಿಸೋದಾಗಿದ್ರೆ ತಾನು ಬರೆದದ್ದನ್ನೇ ಸೋರಿಸ್ತಿದ್ಲು. ತನ್ನದೇ ಸಾಲನ್ನ ತಪ್ಪು ಮಾಡಿ ಯಾಕೆ ಸೋರಿಸ್ತಾಳೆ? ಈಗ ನೀವು ಹೇಳಿ. ಮೂಲದ ಜೊತೆ ಹೋಲಿಸಿ ನೋಡೋರು ನೀವು. ಎರಡರಲ್ಲಿ ಯಾವುದು ಸರಿ?”

ಮೇಷ್ಟ್ರು ಹಿಂದಕ್ಕೆ ಒರಗಿದರು. ತರಗತಿಯಲ್ಲಿ ಪಾಠ ಶುರುಮಾಡುವವರ ಧಾಟಿ ಬಂತು.

“ಇದು ಹೊರಗಿನವರಿಗೆ ಅರ್ಥ ಆಗೋ ವಿಷಯ ಅಲ್ಲಮ್ಮ. ಗೊಂದಲ ಇರೋದು ಮೂಲದಲ್ಲೇ. ಅವರ ಭಾಷೇಲಿ ಅಣ್ಣನಿಗೂ ತಮ್ಮನಿಗೂ ಒಂದೇ ಪದ. ಸಂದರ್ಭ ನೋಡಿ ನಾವೇ ಊಹಿಸ್ಕೋಬೇಕು. ಅನುಭವ ಬೇಕು ಅದಕ್ಕೆ.”

“ಇನ್ನೊಂದ್ಸಲ ಹೇಳಿ.”

“ಒಂದೇ ಪದ ಅಂದೆ.”

“ಒತ್ತಕ್ಷರ, ಕೇಳಿಸ್ಕೊಂಡ್ರಾ?”

“ಕೇಳಿಸ್ತು ಮೇಡಂ.”

ಮೂಗುತುದಿ ಎರಡೂ ಕೈಗಳನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿದಳು. ಅವಳ ಮೂಗಿನ ತುದಿ ನಿಜವಾಗಿಯೂ ಕೆಂಪಾಗಿತ್ತು.

“ಅನಿ ಅಂದ್ರೆ ಅಣ್ಣ. ಒತೋತೊ ಅಂದ್ರೆ ತಮ್ಮ. ಜಪಾನಿಯಲ್ಲಿ ನನಗೆ ಬರೋದು ಇವೆರಡೇ ಪದ. ಇವತ್ತು ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಕೊಂಡು ತಂಗಿ ಹತ್ರ ಕಲಿತೆ. ನಮ್ಮ ಹಾಗೇನೇ ಅವರಿಗೂ ಅಣ್ಣ ಬೇರೆ, ತಮ್ಮ ಬೇರೆ. ಹಾಲು ಕುಡಿಯೋ ಮಗುವಿಗೂ ಗೊತ್ತಿರುತ್ತೆ ಅಲ್ಲಿ. ವರ್ಷಗಟ್ಟಲೆ ಜಪಾನಿನಲ್ಲಿ ಓದಿಬಂದ ಪಂಡಿತರಿಗೆ ಗೊತ್ತಿಲ್ಲ!”

ಮೇಷ್ಟ್ರ ಕೈ ಕನ್ನಡಕದ ಕಡೆ ಹೋಗಿ ಅರ್ಧದಲ್ಲೇ ನಿಂತಿತು.

“ಎರಡಕ್ಕೂ ಒಂದೇ ಪದ ಇರೋದು ಇಂಗ್ಲಿಷಿನಲ್ಲಿ, ಮೇಷ್ಟ್ರೇ. ಬ್ರದರ್. ನೀವು ಹೋಲಿಸಿ ನೋಡ್ತಿದ್ದದ್ದು ಜಪಾನಿ ಅಲ್ಲ. ಯಾವುದೋ ಹರಕು ಇಂಗ್ಲಿಷು. ಅದರಲ್ಲಿ ಬ್ರದರ್ ಅಂತ ಇತ್ತು. ನಿಮಗೆ ತಮ್ಮ ಅಂತ ಅನ್ನಿಸ್ತು. ತಿದ್ದಿದ್ರಿ. ಸೋರಿಸಿದ್ರಿ. ತಂಗಿ ತಲೆಗೆ ಕಟ್ಟಿದ್ರಿ.”

“ಸುಳ್ಳು!”

“ಯಾವುದು ಸುಳ್ಳು? ನಿಮಗೆ ಜಪಾನಿ ಬರುತ್ತೆ ಅನ್ನೋದಾ?”

ಮೇಷ್ಟ್ರು ಕೊನೆಗೂ ಎದ್ದರು. ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ಬಡಿಯಿತು.

“ಹೌದು! ಬರಲ್ಲ! ಜಪಾನಿಗೆ ಹೋಗಿದ್ದೆ, ಓದೋಕಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆದೆ. ವಾಪಸ್ ಬಂದಾಗ ಎಲ್ಲರೂ ಅವರಾಗೇ ಪಂಡಿತ ಅಂದ್ರು, ನಾನು ಅಲ್ಲ ಅನ್ನಲಿಲ್ಲ. ಕಂಪ್ಯೂಟರಿಗೆ ಮೂಲ ಹಾಕಿ ಇಂಗ್ಲಿಷ್ ಮಾಡಿಸಿ, ಅದನ್ನಿಟ್ಟುಕೊಂಡು ತಿದ್ದಿದೆ. ಸಾಕಾ? ಸುಳ್ಳುಗಾರ ಅನ್ನಿ, ಒಪ್ಪಿದೆ. ಕಳ್ಳ ಅನ್ನಬೇಡಿ. ಕೊನೇ ಅಧ್ಯಾಯದ ಮೂಲ ನನ್ನ ಕೈಗೆ ಬಂದೇ ಇಲ್ಲ. ನಾನು ನೋಡಿದ್ದು ಅವಳ ಕನ್ನಡ ಮಾತ್ರ. ಮೂಲಾನೇ ಇಲ್ಲದೆ ನಾನು ಇಂಗ್ಲಿಷ್ ಎಲ್ಲಿಂದ ತರಲಿ?”

“ಇಷ್ಟು ವರ್ಷ ಸುಳ್ಳು ಹೇಳಿದ ಬಾಯಿ, ಇವತ್ತು ಈ ಒಂದು ಮಾತು ನಿಜ ಹೇಳುತ್ತೆ ಅಂತ ನಂಬಲಾ?”

“ನಂಬಬೇಡಿ. ಯೋಚನೆ ಮಾಡಿ.”

“ಯೋಚನೆ ಮಾಡಿದೀನಿ. ನನ್ನ ತಂಗಿ ಒಂದೊಂದು ಸಾಲಿಗೂ ಹೊರಳಾಡ್ತಿದ್ಲು. ಊಟದ ತಟ್ಟೆ ಮುಂದೆ ಕೂತು ಒಂದು ಪದಕ್ಕೆ ಒದ್ದಾಡ್ತಿದ್ಲು. ಮರುದಿನ ನೋಡಿದ್ರೆ ನೀವು ಅದರ ಮೇಲೆ ಗೀಟು ಎಳೆದಿರ್ತಿದ್ರಿ. ‘ಮೇಷ್ಟ್ರಿಗೆ ನನಗಿಂತ ಗೊತ್ತಿರುತ್ತೆ ಅಕ್ಕಾ’ ಅಂತ ಅತ್ತಿದಾಳೆ ಅವಳು. ಕುರುಡ ಊರುಗೋಲು ಹಿಡ್ಕೊಂಡು ಕಣ್ಣಿದ್ದವರಿಗೆ ದಾರಿ ತೋರಿಸಿದ ಹಾಗಾಯ್ತು!”

ಮೇಷ್ಟ್ರು ಅವಳನ್ನು ದಿಟ್ಟಿಸಿ ನೋಡಿದರು. ಬಿಳಿಚಿದ ಮುಖದಲ್ಲಿ ಮೊದಲ ಬಾರಿಗೆ ನಾಟಕವಿರಲಿಲ್ಲ.

“ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲಮ್ಮ,” ಎಂದರು. “ನಿಮ್ಮದಾಗಲಿ, ನನ್ನದಾಗಲಿ.”

“ಗಾದೆ ತಿದ್ದಲಿಲ್ವಲ್ಲ, ಪುಣ್ಯ,” ಎಂದಳು ಅವಳು.

ಗಾಜಿನ ಬಾಗಿಲು ತೆರೆಯಿತು. ಯಜಮಾನರು ನಿಂತಿದ್ದರು. ತೂಕದ ಆಳು, ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ, ಕಿವಿಯವರೆಗೂ ಬೆವರಿದ್ದರು.

“ಮೇಷ್ಟ್ರೇ,” ಎಂದರು, “ಇವತ್ತು ಜಪಾನಿನವರ ಹತ್ರ ಮಾತಾಡೋ ಜವಾಬ್ದಾರಿ ನಂದು ಅಂದಿದ್ರಲ್ಲ. ಏನು ಮಾಡೋದಿತ್ತು?”

“ನೆಟ್ ಸರಿಯಿಲ್ಲ ಅನ್ನೋದಿತ್ತು, ಸಾರ್.”

ಒತ್ತಕ್ಷರನಿಗೆ ನಗು ಬಂತು. ಕೆಮ್ಮಿನಂತೆ ಮಾಡಿ ನುಂಗಿಕೊಂಡ.

“ನಿಮ್ಮ ಸಾಮಾನು ತಗೊಂಡು ಬಾಗಿಲ ಹತ್ರ ನಿಂತಿರಿ,” ಎಂದರು ಯಜಮಾನರು. “ಮಾತು ಮುಗಿಯೋವರೆಗೂ ಹೋಗೋ ಹಾಗಿಲ್ಲ. ಅವರಿಗೆ ನಿಮ್ಮ ಮುಖ ತೋರಿಸ್ಬೇಕಾಗಬಹುದು.”

ಮೇಷ್ಟ್ರು ತಮ್ಮ ಮೇಜಿನ ಡ್ರಾಯರಿನಿಂದ ಒಂದು ಸ್ವೆಟರು, ಒಂದು ನಿಘಂಟು ತೆಗೆದು ಕೈಚೀಲಕ್ಕೆ ತುರುಕಿದರು. ನಿಘಂಟಿನ ಬೆನ್ನು ಇನ್ನೂ ಹೊಸದರಂತೆ ಗಟ್ಟಿಯಾಗಿತ್ತು.

ತಂಗಿಯನ್ನು ಒಳಗೆ ಕರೆಸಿದರು. ಅವಳು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮೇಷ್ಟ್ರ ಕೈಚೀಲವನ್ನು ತುಸು ಹೆಚ್ಚು ಹೊತ್ತು ನೋಡಿದಳು.

“ಬಾಮ್ಮ, ಕೂತ್ಕೋ,” ಎಂದರು ಯಜಮಾನರು. “ಅವರು ಬರೋ ಹೊತ್ತಾಯ್ತು. ಮಾತು ದಾಟಿಸೋಕೆ ನೀನೇ ಬೇಕು.”

“ಅವಳು ಕೂರಲ್ಲ,” ಎಂದಳು ಮೂಗುತುದಿ. “ಎಲ್ಲರೆದುರು ಕಳ್ಳಿ ಅಂದ್ರಿ. ಎಲ್ಲರೆದುರು ತಪ್ಪಾಯ್ತು ಅನ್ನಿ. ಆಮೇಲೆ ಕೂರ್ತಾಳೆ.”

“ಅಕ್ಕಾ, ಬಿಡು...”

“ನೀನು ಸುಮ್ಮನಿರು.”

ಯಜಮಾನರು ಗಂಟಲು ಸರಿಮಾಡಿಕೊಂಡು ಏನೋ ಗೊಣಗಿದರು.

“ಕೇಳಿಸ್ಲಿಲ್ಲ.”

“ತಪ್ಪಾಯ್ತಮ್ಮ!” ಎಂದರು ಯಜಮಾನರು, ಗಾಜಿನಾಚೆಗೂ ಕೇಳುವಂತೆ.

ತಂಗಿ ತನ್ನ ಕುರ್ಚಿಯನ್ನು ಗೋಡೆಯ ಪಕ್ಕದಿಂದ ಎತ್ತಿ ತಂದು, ಧೂಳು ಒರೆಸಿ, ಕುಳಿತಳು. ಮೂಗುತುದಿ ಅವಳ ಪಕ್ಕದಲ್ಲೇ ಕುಳಿತಳು. ಎದೆಯಲ್ಲಿ ಸಿಟ್ಟು ಇನ್ನೂ ಕುದಿಯುತ್ತಿತ್ತು, ಆದರೆ ಈಗ ಅದು ಗೆದ್ದವರ ಸಿಟ್ಟು; ಬೆಂಕಿ ಆರಿದ ಮೇಲೂ ಪಾತ್ರೆಯಲ್ಲಿ ಉಳಿಯುವ ಕುದಿ.

ದೊಡ್ಡ ಪರದೆ ಬೆಳಗಿತು. ಬರಿಯ ಗೋಡೆಯ ಮುಂದೆ ಕುಳಿತ, ಬಿಳಿ ಅಂಗಿಯ, ಸಣಕಲು ಮುದುಕರು. ತಲೆಬಾಗಿದರು. ಇಲ್ಲಿಯೂ ಎಲ್ಲರೂ ತಲೆಬಾಗಿದರು. ಪಕ್ಕದ ಚಿಕ್ಕ ಪರದೆಯಲ್ಲಿ ಸೋರಿದ ಚಿತ್ರ ಹಾಗೆಯೇ ನಿಂತಿತ್ತು. ಅದು ಅವರಿಗೂ ಕಾಣುವಂತೆ ಒತ್ತಕ್ಷರ ಕ್ಯಾಮೆರಾವನ್ನು ತುಸು ಓರೆಮಾಡಿದ.

“ಹೇಳಮ್ಮ,” ಎಂದರು ಯಜಮಾನರು. “ಸೋರಿಸಿದವರು ಸಿಕ್ಕಿದಾರೆ. ನಮ್ಮ ಸಂಪಾದಕರು. ಕೊನೇ ಸಾಲಿನಲ್ಲಿ ಅಣ್ಣ ಅಂತಿದ್ದದ್ದನ್ನ ತಮ್ಮ ಅಂತ ಮಾಡಿ, ಆ ತಪ್ಪಿನಿಂದಲೇ ಸಿಕ್ಕಿಬಿದ್ರು ಅಂತ ಹೇಳು.”

ತಂಗಿ ಜಪಾನಿಯಲ್ಲಿ ಮಾತಾಡಿದಳು. ಅವಳ ದನಿ ಆ ಭಾಷೆಯಲ್ಲಿ ಬೇರೆಯೇ ಆಗುತ್ತಿತ್ತು; ಹಗುರವಾಗಿ, ಅಂಚು ಮಡಿಸಿಟ್ಟ ಬಟ್ಟೆಯಂತೆ. ಮಾತು ಚಿಕ್ಕದಾಗಿತ್ತು.

ಮುದುಕರ ಹುಬ್ಬು ಗಂಟಿಕ್ಕಿತು. ಅವರು ಚಿತ್ರದ ಕಡೆ ನೋಡಿದರು. ಆಮೇಲೆ ಮೆಲ್ಲಗೆ, ತಡೆತಡೆದು, ದೀರ್ಘವಾಗಿ ಮಾತಾಡಿದರು. ಮೂಗುತುದಿಯ ಕಿವಿಗೆ ಅದು ನೀರು ಹರಿದಂತಿತ್ತು. ಒಂದು ಹನಿಯೂ ಕೈಗೆ ಸಿಗುವುದಿಲ್ಲ.

ಒಂದು ಸಿಕ್ಕಿತು.

ಒತೋತೊ.

ಅವಳು ನೆಟ್ಟಗೆ ಕುಳಿತಳು. ಮುದುಕರು ಮುಂದುವರಿಸಿದರು. ಮತ್ತೆ ಬಂತು: ಒತೋತೊ. ಅನಿ ಎಂಬ ಪದಕ್ಕಾಗಿ ಅವಳು ಕಿವಿಯನ್ನೇ ಬಲೆ ಮಾಡಿ ಕಾದಳು. ಅದು ಬರಲೇ ಇಲ್ಲ.

“ಏನಂತಿದಾರೆ?” ಯಜಮಾನರು ಅಂಗೈ ಒರೆಸಿಕೊಂಡರು.

“ಪತ್ತೆ ಮಾಡಿದ್ದಕ್ಕೆ ಧನ್ಯವಾದ ಅಂತಿದಾರೆ, ಸಾರ್,” ಎಂದಳು ತಂಗಿ. “ಕೆಲಸ ಮುಂದುವರಿಸಿ ಅಂತ. ಅನುವಾದದ ಬಗ್ಗೆ ತಮಗೆ ಪೂರ್ತಿ ನಂಬಿಕೆ ಇದೆ ಅಂತ.”

“ಅಬ್ಬಾ!” ಯಜಮಾನರು ಕುರ್ಚಿಯಲ್ಲಿ ಹಿಟ್ಟಿನ ಮುದ್ದೆಯಂತೆ ಕುಸಿದರು. ಒತ್ತಕ್ಷರ ಮೇಜು ಕುಟ್ಟಿದ.

ಮೂಗುತುದಿ ಅಲುಗಾಡಲಿಲ್ಲ.

ಅಷ್ಟುದ್ದ ಮಾತು ಇಷ್ಟೇ ಇಷ್ಟಾದದ್ದಕ್ಕೆ ಅವಳು ತಲೆಕೆಡಿಸಿಕೊಳ್ಳಲಿಲ್ಲ; ದೊಡ್ಡವರ ಮರ್ಯಾದೆಯ ಮಾತು ಯಾವ ಭಾಷೆಯಲ್ಲೂ ಉದ್ದವೇ. ಆದರೆ ತಮ್ಮ ಎಂಬ ಪದ ಎಲ್ಲಿ ಹೋಯಿತು? ಸೋರಿದ ಚಿತ್ರದ ತಪ್ಪಿನ ಬಗ್ಗೆ ಮುದುಕರು ಹೇಳಿದ್ದರೆ, ತಮ್ಮನಲ್ಲ, ಅಣ್ಣ ಎನ್ನಬೇಕಿತ್ತು. ಅನಿ ಬರಬೇಕಿತ್ತು. ಬರಲಿಲ್ಲ. ಎರಡು ಸಲ ತಮ್ಮ ಎಂದರು. ತಂಗಿ ಒಂದು ಸಲವೂ ಅನ್ನಲಿಲ್ಲ.

ಬೇಡ ಎಂದು ಒಳಗಿನಿಂದ ಯಾರೋ ಹೇಳಿದರು. ಅವಳು ಕೇಳಲಿಲ್ಲ. ಅವಳು ಯಾರ ಮಾತನ್ನು ಕೇಳಿದ್ದುಂಟು?

ಮೂಗುತುದಿ ಎದ್ದು ದೊಡ್ಡ ಪರದೆಯ ಮುಂದೆ ಬಾಗಿದಳು. ಚಿಕ್ಕ ಪರದೆಯ ಚಿತ್ರದ ಮೇಲೆ, ಸುಟ್ಟ ಬಾಗಿಲಿನ ಮೇಲೆ, ಬೆರಳಿಟ್ಟಳು.

“ಒತೋತೊ?” ಎಂದು ಕೇಳಿದಳು.

ಮುದುಕರ ಮುಖ ಅರಳಿತು. ಕೊನೆಗೂ ಒಬ್ಬರಿಗೆ ಅರ್ಥವಾಯಿತು ಎಂಬಂತೆ ಅವರು ತಲೆಯನ್ನು ಮೇಲೆ ಕೆಳಗೆ ಆಡಿಸಿದರು.

“ಹೈ,” ಎಂದರು. “ಒತೋತೊ.” ಆ ಮೇಲೆ ಅಂಗೈ ಮೇಲ್ಮಾಡಿ, ಬಹಳ ವಿನಯದಿಂದ, ಅವಳ ತಂಗಿಯ ಕಡೆಗೆ ತೋರಿಸಿದರು: ಇವರನ್ನು ಕೇಳಿ, ಇವರಿಗೆ ಗೊತ್ತು.

ಮೂಗುತುದಿಯ ಮೂಗಿನ ತುದಿಯಿಂದ ಬಣ್ಣ ಇಳಿಯಿತು.

ಮೂಲದಲ್ಲಿ ಬಾಗಿಲು ತೆರೆದವನು ತಮ್ಮ. ಸೋರಿದ ಸಾಲು ತಪ್ಪಲ್ಲ. ಸರಿಯಾದ ಸಾಲೇ ಸೋರಿತ್ತು. ತಪ್ಪಿದ್ದದ್ದು ಕಚೇರಿಯಲ್ಲಿದ್ದ, ತಂಗಿಯೇ ಬರೆದ ಪ್ರತಿ. ಕೊನೆಯ ಅಧ್ಯಾಯದ ಜಪಾನಿಯನ್ನು ಓದಿ ಅರ್ಥಮಾಡಿಕೊಂಡವರು ಮಾತ್ರ ಸೋರಿದ ಸಾಲನ್ನು ಹಾಗೆ ಬರೆಯಬಲ್ಲರು. ಮತ್ತು ಈ ಕಚೇರಿಯಲ್ಲಿ ಜಪಾನಿ ಬಲ್ಲವರು ಇರುವುದು ಒಬ್ಬರೇ ಎಂದು ಎಲ್ಲರೆದುರು ಸಾಬೀತು ಮಾಡಿದವಳು ಅವಳೇ.

ಬಾಗಿಲ ಬಳಿ ಮೇಷ್ಟ್ರು ಕೈಚೀಲ ಹಿಡಿದು ನಿಂತಿದ್ದರು. ಅವರು ಪರದೆಯನ್ನು ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದರು.

“ಏನು?” ಯಜಮಾನರು ಮುಂದಕ್ಕೆ ಬಾಗಿದರು. “ಏನು ಕೇಳಿದ್ರಿ ಅವರನ್ನ? ಏನಂದ್ರು?”

ಅವಳು ತನ್ನ ಕುರ್ಚಿಗೆ ಮರಳಿ ಕುಳಿತು ಬಾಯಿ ತೆರೆದಳು. ಮೇಜಿನ ಕೆಳಗೆ ಒಂದು ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು. ಉಗುರುಗಳು ಚರ್ಮದೊಳಗೆ ಇಳಿಯುವಷ್ಟು ಬಿಗಿಯಾಗಿ ಹಿಡಿಯಿತು.

“ಏನಿಲ್ಲ ಸಾರ್,” ಎಂದಳು ತಂಗಿ, ಮುದುಕರಿಗೆ ತಲೆಬಾಗುತ್ತಾ, ನಗುತ್ತಾ. “ಅಕ್ಕನಿಗೆ ಜಪಾನಿ ಬರಲ್ಲ.”